ಗಾಳಿಚೀಲದ ಹಾರ

ಮನುಷ್ಯನ ಆಯುಷ್ಯ ಅವನ ಕೈಯಲ್ಲಿಲ್ಲ, ಗಾಳಿ ಬೀಸುವ ದಿಕ್ಕಿನಲ್ಲಿದೆ ಎಂದು ಬಲ್ಲವರು ಹೇಳಿದ್ದಾರೆ. ಯಾವ ಬಲ್ಲವರು ಎಂದು ಹುಡುಕಲು ಹೋಗಬೇಡಿ, ಹೇಳಿದವನು ನಾನೇ. ಗುಂಡ್ಲುಪೇಟೆ ರಸ್ತೆಯ ಒಂದು ಕೋಲ್ಡ್ ಸ್ಟೋರೇಜಿನ ಅಂಗಳದಲ್ಲಿ, ಟೊಮೆಟೊ ಕ್ರೇಟೊಂದನ್ನು ಬೋರಲು ಹಾಕಿ ಅದರ ಮೇಲೆ ನಿಂತು ಹೇಳಿದ್ದೆ. ಕ್ರೇಟು ನಡುವೆ ಮುರಿದದ್ದರಿಂದ ಆ ಉಪದೇಶದ ಉತ್ತರಾರ್ಧ ಲೋಕಕ್ಕೆ ದಕ್ಕಲಿಲ್ಲ.

ಹೋದ ವಾರ ಚಾಮರಾಜನಗರದಲ್ಲಿ ಕ್ಷೌರಕ್ಕೆ ಕೂತಿದ್ದೆ. ಪಕ್ಕದ ಕುರ್ಚಿಯ ಗೃಹಸ್ಥರು ಯೌವನವನ್ನು ಮರಳಿ ಪಡೆಯುವ ತೀರ್ಮಾನಕ್ಕೆ ಬಂದಿದ್ದರು. ಅಂಗಡಿಯ ಹುಡುಗ ಅವರ ತಲೆಗೆಂದು ಬಟ್ಟಲಿನಲ್ಲಿ ಬಣ್ಣ ಕಲಸಿದ. ಅದರ ವಾಸನೆ ಮೂಗಿಗೆ ಬಡಿದದ್ದಷ್ಟೇ ಗೊತ್ತು. ಮರುಕ್ಷಣ ನಾನು ಕೊರಳಿಗೆ ಬಿಳಿಬಟ್ಟೆ, ಒಂದು ಕೆನ್ನೆಗೆ ನೊರೆ ಸಮೇತ ರಸ್ತೆಯ ಆಚೆ ಬದಿಯಲ್ಲಿ, ಗಾಳಿಗೆ ಮುಖ ಕೊಟ್ಟು ನಿಂತಿದ್ದೆ.

ಅಂಗಡಿಯವನು ಕತ್ತಿ ಹಿಡಿದುಕೊಂಡೇ ಹಿಂದೆ ಬಂದ. "ಯಾಕ್ ಸಾ, ಎದ್ ಓಡ್ಬುಟ್ರಿ? ಕತ್ತಿ ತಾಕ್ತಾ?"

"ಇಲ್ಲಪ್ಪ, ಗಾಳಿ ಎತ್ತಲಿಂದ ಬೀಸ್ತದೆ ನೋಡೋಣ ಅಂತ ಬಂದೆ."

"ಒಳಗೆ ಫ್ಯಾನ್ ಆಕಿವ್ನಲ್ಲ ಸಾ!"

ಆ ವಾಸನೆ ಅಮೋನಿಯಾದ್ದು. ತಲೆಗೂದಲಿಗೆ ಹಚ್ಚುವ ಬಣ್ಣದಲ್ಲಿ ಅದು ಚಿಟಿಕೆಯಷ್ಟು ಇರುತ್ತದೆ. ನಾನು ಅದನ್ನು ತೊಟ್ಟಿಗಟ್ಟಲೆ ಕಂಡವನು. ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತನಾಗಿ, ನಮ್ಮೂರು ಉಡಿಗಾಲದ ಮನೆಯ ಜಗಲಿಯಲ್ಲಿ ಕೂತು ದೇಶದ ಭವಿಷ್ಯವನ್ನು ಕುರಿತು ಚಿಂತಿಸುತ್ತಿದ್ದ ಹೊತ್ತಿನಲ್ಲಿ ಆ ಕೋಲ್ಡ್ ಸ್ಟೋರೇಜಿನ ಯಜಮಾನರು ಕಾರಿನಲ್ಲಿ ಬಂದಿಳಿದರು. ತರಕಾರಿ ಮಂಡಿಯ ದೊಡ್ಡ ವ್ಯಾಪಾರಸ್ಥರು, ಹಣೆ ತುಂಬ ವಿಭೂತಿ, ಮಾತು ಮೃದು.

"ಮೇಷ್ಟ್ರೇ, ಸೇಫ್ಟಿಗೆ ಅಂತ ಒಬ್ರು ಇರ್ಲೇಬೇಕು ಅಂತ ಇನ್ಸ್‌ಪೆಕ್ಷನ್‌ನೋರು ಕೂತವ್ರೆ. ನೀವು ಗ್ಯಾಸ್ ಬಗ್ಗೆ ಓದ್ಕಂಡೋರು. ಬಂದು ಸುಮ್ನೆ ಕುಂತ್ಕಳಿ ಸಾಕು."

ಸುಮ್ಮನೆ ಕೂರುವುದರಲ್ಲಿ ನನಗೆ ಒಳ್ಳೆಯ ಅನುಭವವಿತ್ತು. ಮೈಸೂರಿನಲ್ಲಿ ಕೆಲವು ದಿನಗಳ ತರಬೇತಿ ಮುಗಿಸಿ, ಮುಂಗಾರಿನ ಮೊದಲ ಮಳೆಯ ಹೊತ್ತಿಗೆ ಕೆಲಸಕ್ಕೆ ಸೇರಿದೆ.

ನಮ್ಮ ಕಡೆಯ ಟೊಮೆಟೊ, ಕೋಸು, ಬೀಟ್ರೂಟು ಹೋಗುವುದು ಕೇರಳಕ್ಕೆ. ನಡುವೆ ಬಂಡೀಪುರದ ಕಾಡು. ಆನೆ, ಜಿಂಕೆಗಳ ನಿದ್ದೆ ಕೆಡಬಾರದೆಂದು ರಾತ್ರಿ ಗೇಟು ಮುಚ್ಚುತ್ತಾರೆ. ಹೊತ್ತು ಮೀರಿದ ಸರಕು ಬಾಡದಂತೆ ಇಡಲು ಯಜಮಾನರು ಈ ತಣ್ಣನೆಯ ಕೋಣೆಗಳನ್ನು ಕಟ್ಟಿಸಿದ್ದರು. ಕೋಣೆಗಳನ್ನು ತಣ್ಣಗಿಡುವುದು ಕೊಳವೆಗಳಲ್ಲಿ ಹರಿಯುವ ಅಮೋನಿಯಾ. ಕೊಳವೆಯೊಳಗೆ ಇರುವಷ್ಟು ಹೊತ್ತು ಅದು ಸಾಧು. ಹೊರಗೆ ಬಂದರೆ ಎಲ್ಲಿ ಒದ್ದೆ ಇದೆಯೋ ಅಲ್ಲಿಗೆ ಹೋಗುತ್ತದೆ: ಕಣ್ಣು, ಮೂಗು, ಗಂಟಲು, ಪುಪ್ಪುಸ. ಹೋದಲ್ಲೆಲ್ಲ ಸುಡುತ್ತದೆ.

ಅದನ್ನು ಕೊಳವೆಯೊಳಗೆ ಓಡಿಸುವ ಕಂಪ್ರೆಸರಿನ ಯಜಮಾನಿಕೆ ಮಾದಪ್ಪನದು. ಹರವೆ ಕಡೆಯವನು. ಹರೆಯದಿಂದಲೂ ಅಂಥವೇ ಯಂತ್ರಗಳ ಪಕ್ಕದಲ್ಲಿ ನಿಂತು ಅವನ ಕಿವಿ ಹೋಗಿತ್ತು. ಪೂರ್ತಿ ಕಿವುಡನೆಂದರೆ ಒಪ್ಪುತ್ತಿರಲಿಲ್ಲ. "ನನ್ಗೆ ಬೇಕಾದ್ದು ಕೇಳ್ತದೆ ಬುಡಿ ಮೇಷ್ಟ್ರೇ," ಎನ್ನುತ್ತಿದ್ದ. ಅವನಿಗೆ ಬೇಕಾದದ್ದು ಒಂದೇ ದನಿ, ಹೆಂಡತಿ ಚಿಕ್ಕತಾಯಮ್ಮನದು.

ಆಕೆ ಅದೇ ಅಂಗಳದ ಶೆಡ್ಡಿನಲ್ಲಿ ತರಕಾರಿ ಆರಿಸುವ ಹೆಂಗಸರ ಮುಖಂಡಳು. ಅವಳ ದನಿಯನ್ನು ಏನೆಂದು ವರ್ಣಿಸಲಿ? ರಸ್ತೆಯಾಚೆಯ ಜೋಳದ ಹೊಲದಲ್ಲಿ ಗಿಳಿ ಇಳಿದರೆ ಇವಳು ಶೆಡ್ಡಿನಲ್ಲಿ ಕೂತೇ ಕೂಗಿ ಎಬ್ಬಿಸುತ್ತಿದ್ದಳು. ಮದುವೆಮನೆಗಳಲ್ಲಿ ಸೋಬಾನೆಗೆ ಅವಳನ್ನು ಕರೆದವರು ಮೈಕಿನ ಖರ್ಚು ಉಳಿಸುತ್ತಿದ್ದರು. ಗಂಡನ ಹೆಸರು ಹೇಳುವ ಪದ್ಧತಿ ಅವರಲ್ಲಿಲ್ಲ; ಅದೂ ಆ ಹೆಸರು ಬೆಟ್ಟದ ದೇವರದ್ದು. ಆದ್ದರಿಂದ ಊಟದ ಹೊತ್ತಿಗೆ ಅಂಗಳದ ಈ ತುದಿಯಿಂದ ಒಂದು ಕೂಗು ಹೊರಡುತ್ತಿತ್ತು.

"ಓಯ್ ಕಂಪ್ರೆಸರ್ರೂ! ಮುದ್ದೆ ಆರೋಯ್ತದೆ, ಬತ್ತೀಯೋ ಇಲ್ವೋ!"

ಯಂತ್ರದ ಅಬ್ಬರವನ್ನು ಸೀಳಿಕೊಂಡು ಅದು ಅವನನ್ನು ಮುಟ್ಟುತ್ತಿತ್ತು. ಅವನು ಕೈ ಒರೆಸಿಕೊಂಡು ಹೊರಬರುತ್ತಿದ್ದ. ಆ ಸಂಸಾರ ನಡೆದದ್ದೇ ಹೀಗೆ, ಅಂಗಳದ ಇಬ್ಬದಿಯಿಂದ ಕೂಗಿಕೊಂಡು. ಅವರ ಮನೆಯ ಗುಟ್ಟೆಲ್ಲ ಕೇರಳದ ಲಾರಿ ಡ್ರೈವರುಗಳಿಗೂ ಗೊತ್ತಿತ್ತು. ಕೆಲವರು ಆ ಗುಟ್ಟುಗಳಿಂದಲೇ ಕನ್ನಡ ಕಲಿತರು.

ನಾನು ಸೇರಿದ ಮೇಲೆ ಮಾಡಿಸಿದ ಮೊದಲ ಘನಕಾರ್ಯ ಗಾಳಿಚೀಲ. ಕೋಣೆಗಳ ಚಾವಣಿಯ ಮೇಲೆ ಕಂಬ ನೆಟ್ಟು, ಕೇಸರಿ ಬಿಳಿ ಪಟ್ಟೆಯ, ಎರಡೂ ಬಾಯಿ ತೆರೆದ ಬಟ್ಟೆಯ ಚೀಲ ಕಟ್ಟಿಸಿದೆ. ಗಾಳಿ ಯಾವ ಕಡೆಗೆ ಹೋಗುತ್ತದೋ ಆ ಕಡೆಗೆ ಅದು ಬಾಲ ಚಾಚುತ್ತದೆ. ಹೆಂಗಸರು ಅದಕ್ಕೆ 'ಮೇಷ್ಟ್ರ ಪೈಜಾಮ' ಎಂದು ನಾಮಕರಣ ಮಾಡಿದರು.

ಕ್ರೇಟು ಮುರಿಯುವ ಮುಂಚೆ ಅವರಿಗೆ ನಾನು ಹೇಳಿಕೊಟ್ಟದ್ದು ಇಷ್ಟು: ಗ್ಯಾಸಿನ ವಾಸನೆ ಬಂದರೆ ಮೊದಲು ತಲೆಯೆತ್ತಿ ಚೀಲ ನೋಡಿ. ಅದರ ಬಾಲ ಎತ್ತ ಕಡೆಗೋ ಅತ್ತ ಹೋಗಬೇಡಿ. ಅದು ಜೋತುಬಿದ್ದಿದ್ದರೆ ಪಡುವಣ ದಿಕ್ಕಿನ ಹುಣಸೆಮರದ ಬುಡಕ್ಕೆ ಹೋಗಿ. ಅಲ್ಲಿ ನೀರಿನ ಡ್ರಮ್ಮುಗಳಿವೆ. ಬಾಲ ಹುಣಸೆಮರದ ಕಡೆಗೇ ಇದ್ದರೆ ಮಾತ್ರ ಮೂಡಲಿನ ರಸ್ತೆ ಗೇಟಿಗೆ ಹೋಗಿ. ಸೆರಗನ್ನು ಒದ್ದೆ ಮಾಡಿ ಮೂಗು ಬಾಯಿಗೆ ಕಟ್ಟಿ. ಕಣ್ಣಿಗೆ ಎಣ್ಣೆ ಬೇಡ, ಬೆಣ್ಣೆ ಬೇಡ, ನೀರು, ನೀರು, ಬರೀ ನೀರು.

"ಅಲ್ಲ ಮೇಷ್ಟ್ರೇ," ಎಂದಳು ಚಿಕ್ಕತಾಯಮ್ಮ, "ಪೈಜಾಮಕ್ಕೆ ಎಲ್ಡ್ ಕಾಲ್ ಇರ್ಬೇಕು. ಇನ್ನೊಂದ್ ಕಾಲು ಎಲ್ಲೋಯ್ತು?"

ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡರು. ಒದ್ದೆ ಮಾಡಿಕೊಳ್ಳದೆ.

"ನಗಬೇಡಿ ತಾಯಂದಿರಾ," ಎಂದೆ ಗಂಭೀರವಾಗಿ. "ಈ ಕಾರ್ಖಾನೆಯಲ್ಲಿ ನಮ್ಮ ಪ್ರಾಣ ಕಾಯೋ ಮುಖ್ಯ ಆಯುಧ ಅದೇ."

ಆಯುಧ ಎಂಬ ಮಾತು ಅವರ ಮನಸ್ಸಿಗೆ ನಾಟಿತು. ಆಮೇಲೆ ಕ್ರೇಟು ಮುರಿಯಿತು.

ಆ ಮಳೆಗಾಲವಿಡೀ ಪಡುವಣ ಗಾಳಿ. ಬೆಳಗಾದರೆ ಗೋಪಾಲಸ್ವಾಮಿ ಬೆಟ್ಟದ ತಲೆ ಮಂಜಿನಲ್ಲಿ. ಕಾಡಿನ ಕಡೆಯಿಂದ ಒದ್ದೆಗಾಳಿ ಬೀಸುವುದು, ಚೀಲದ ಬಾಲ ಮೂಡಲಿಗೆ ಚಾಚಿ ಪಟಪಟ ಬಡಿಯುವುದು. ರಸ್ತೆಯ ಎರಡೂ ಬದಿ ಚೆಂಡುಹೂವಿನ ಹೊಲಗಳು. ಕೇರಳದಿಂದ ಬಂದ ದಂಪತಿಗಳು ಅದರೊಳಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ನಮ್ಮ ಹೆಂಗಸರಿಗೆ ಅದೊಂದು ಸೋಜಿಗ. "ದನಾನೂ ತಿನ್ದೇ ಇರೋ ಊವು, ಅದ್ರೊಳಿಕ್ ಹೋಗಿ ಇವ್ರು ಏನ್ ಮೇಯ್ತಾರಮ್ಮಿ?" ಎಂದು ಚಿಕ್ಕತಾಯಮ್ಮ ಕೇಳಿದ ಪ್ರಶ್ನೆ ಆ ಹೊಲದವರೆಗೂ ಹೋಗಿ, ಒಬ್ಬ ಮದುಮಗ ತಿರುಗಿ ನೋಡಿದ.

ಗ್ಯಾಸ್ ಸೋರಿದೆಯೆಂದು ಭಾವಿಸಿ ಅಣಕು ಓಟಗಳನ್ನು ಮಾಡಿಸಿದೆ. ಪ್ರತಿ ಸಲವೂ ಹೆಂಗಸರು ಹುಣಸೆಮರಕ್ಕೇ ಹೋದರು. ಪಡುವಣ ಗಾಳಿಯಲ್ಲಿ ಅದೇ ಸರಿಯಾದ ಜಾಗ. ಸೈರನ್ ಇತ್ತು, ಆದರೆ ಅದು ಕರೆಂಟಿನದು, ಕರೆಂಟು ಹೋದರೆ ಮೂಕ. ಬ್ಯಾಟರಿ ಹಾಕಿಸಿ ಎಂದು ಯಜಮಾನರಿಗೆ ಹೇಳಿದೆ.

"ಆಕ್ಸನ ಮೇಷ್ಟ್ರೇ, ಆಯುಧಪೂಜೆ ಅಬ್ಬ ಕಳೀಲಿ. ಅಲ್ಲೀಗಂಟ ಚಿಕ್ಕತಾಯಮ್ಮ ಅವ್ಳಲ್ಲ, ಅವಳ್ಗಿಂತ ಸೈರನ್ ಬೇಕಾ?"

ತಮಾಷೆಗೆ ಹೇಳಿದ್ದು ವ್ಯವಸ್ಥೆಯೇ ಆಗಿಹೋಯಿತು. ಅಣಕು ಓಟದಲ್ಲಿ ಅವಳೇ ಮರದ ಬುಡದಲ್ಲಿ ನಿಂತು ಕೂಗಬೇಕು; ಕತ್ತಲೆ ಕೋಣೆಗಳಲ್ಲಿ ಇದ್ದವರೂ ಆ ದನಿಯ ಜಾಡು ಹಿಡಿದು ಹೊರಬರಬೇಕು. ಅವಳಿಗೂ ಹೆಮ್ಮೆಯಾಯಿತು. ಮಾದಪ್ಪನಂತೂ, "ನನ್ ಎಂಡ್ರು ಗವರ್ಮೆಂಟ್ ಸೈರನ್ ಕಣ್ಲಾ," ಎಂದು ಡ್ರೈವರುಗಳ ಮುಂದೆ ಹೇಳಿಕೊಂಡು ತಿರುಗಿದ.

ಆಯುಧಪೂಜೆ ಬಂತು. ನನ್ನ ಸ್ಕೂಟರಿಗೂ ಆತ್ಮವಿದೆ ಎಂಬ ನಂಬಿಕೆಯವನಾದ್ದರಿಂದ ನಾನು ರಜೆ ಹಾಕಿ ಉಡಿಗಾಲದಲ್ಲಿ ಅದನ್ನು ತೊಳೆಯುತ್ತಿದ್ದೆ. ಹಬ್ಬ ಮುಗಿಸಿಕೊಂಡು ಕೆಲಸಕ್ಕೆ ಮರಳಿದಾಗ ಅಂಗಳ ದಿಬ್ಬಣದ ಮನೆಯಂತಿತ್ತು. ಗೇಟಿಗೆ ಬಾಳೆಕಂದು, ನೆಲದಲ್ಲಿ ಒಡೆದ ಬೂದುಗುಂಬಳ. ಕಂಪ್ರೆಸರಿಗೆ ವಿಭೂತಿ. ಗಾಜಿನ ಕಪಾಟಿನಲ್ಲಿದ್ದ ಉಸಿರಾಟದ ಮಾಸ್ಕಿನ ಮುಖಕ್ಕೂ ಮೂರೆಳೆ ವಿಭೂತಿ, ನಡುವೆ ಕುಂಕುಮ. ಅದು ನನ್ನನ್ನು ಶಿವನಂತೆ ದಿಟ್ಟಿಸಿತು. ತಲೆಯೆತ್ತಿ ನೋಡಿದೆ. ಎಲ್ಲಕ್ಕಿಂತ ದೊಡ್ಡ ಹಾರ ಗಾಳಿಚೀಲಕ್ಕೆ ಬಿದ್ದಿತ್ತು. ತೋಳುಗಾತ್ರದ ಚೆಂಡುಹೂವಿನ ಹಾರ, ಚೀಲದ ಕೊರಳಿನಿಂದ ಬಾಲದವರೆಗೆ ಸುತ್ತಿ ಕಟ್ಟಿದ್ದರು. ರಾತ್ರಿಯ ಮಳೆ ಕುಡಿದು ಹೂವು ಕಲ್ಲಿನಂತಾಗಿತ್ತು. ಚೀಲ ಸತ್ತ ಕೋಳಿಯ ಹಾಗೆ ಕಂಬಕ್ಕೆ ಅಂಟಿ ನೇತಾಡುತ್ತಿತ್ತು.

ಮಾದಪ್ಪನ ಕಿವಿಯ ಹತ್ತಿರ ಹೋಗಿ ಕೂಗಿದೆ. "ಅದಕ್ಕೆ ಯಾಕಪ್ಪ ಹಾರ?"

"ಮುಖ್ಯ ಆಯುಧ ಅಂತ ನೀವೇ ಅಂದ್ರಲ್ಲ! ಕಂಪ್ರೆಸರ್‌ಗೆ ಒಂದ್ ಮೊಳ ಕಮ್ಮಿ ಆದ್ರೂ ಆಗ್ಲಿ, ಪೈಜಾಮಕ್ಕೆ ಕಮ್ಮಿ ಆಗ್ಬಾರ್ದು ಅಂತ ಅವ್ಳೇ ಕುಂತು ಕಟ್ಟವ್ಳೆ. ನಾನು ಅತ್ತಿ ಆಕ್ದೆ."

"ಇಳಿಸು ಮಾರಾಯ. ಅದು ಅಲ್ಲಾಡ್ತಾ ಇಲ್ಲ."

ನಾನು ಚೀಲದ ಕಡೆಗೆ ಕೈ ತೋರಿದ್ದನ್ನು ಕಂಡು ಚಿಕ್ಕತಾಯಮ್ಮ ಶೆಡ್ಡಿನಿಂದ ಕೂಗುತ್ತಲೇ ಬಂದಳು. "ಅಯ್ಯೋ, ಇವತ್ತು ತೆಗೀಬ್ಯಾಡಿ ಮೇಷ್ಟ್ರೇ! ಮಂಗಳಾರತಿ ಆಗಿ ಮೂರ್ ದಿನ ಆಗ್ಬೇಕು. ನಾಳೆ ನಾನೇ ತೆಗುಸ್ತೀನಿ, ಕಾಯಿ ಒಡ್ದು!"

"ಇವತ್ತೇ ತೆಗೀಬೇಕಮ್ಮ. ಪ್ರಾಣದ ವಿಷಯ."

"ಸರಿ, ಊಟ ಆಗ್ಲಿ ಬುಡಿ ಮತ್ತೆ," ಎಂದ ಮಾದಪ್ಪ. "ಉಂಡ್ಕಂಡು ಅತ್ತೀನಿ." ದೇವರಿಗೂ ಮೇಷ್ಟ್ರಿಗೂ ನಡುವೆ ಅವನು ಹುಡುಕಿದ ರಾಜಿ ಅದು.

ಊಟದ ಹೊತ್ತು ಆಗಲಿಲ್ಲ. ಸಣ್ಣ ಜಡಿಮಳೆ ಹಿಡಿದಿತ್ತು. ಕರೆಂಟು ಹೋಯಿತು, ಬಂತು, ಹೋಯಿತು, ಮತ್ತೆ ಬಂದು ಹೋಯಿತು. ಪ್ರತಿ ಸಲ ಕಂಪ್ರೆಸರ್ ಜಗ್ಗಿ ನಿಂತಿತು. ಆ ಜಗ್ಗಾಟದಲ್ಲಿ ದ್ರವ ಹೋಗುವ ಕೊಳವೆಯ ಒಂದು ಕೂಡಿಕೆಯಲ್ಲಿ ಸೋರದಂತೆ ತಡೆಯುವ ಹಳೆಯ ಗ್ಯಾಸ್ಕೆಟ್ ಸೋತಿತು. ಯಂತ್ರ ನಿಂತಾಗ ಆ ಅಂಗಳದಲ್ಲಿ ಎಂದೂ ಇಲ್ಲದ ನಿಶ್ಶಬ್ದ. ಅದರೊಳಗೆ ಬುಸ್ ಎಂಬ ಸದ್ದು. ಯಂತ್ರದ ಮನೆಯ ಪಡುವಣ ಕಿಟಕಿಗಳಿಂದ ಹಾಲಿನಂಥ ಬಿಳಿ ಮೋಡ ಹೊರಟು, ಮೇಲೆ ಏರದೆ ಒದ್ದೆ ನೆಲ ಹಿಡಿದು ಹರಿಯತೊಡಗಿತು. ಮಾದಪ್ಪ ಕೆಮ್ಮುತ್ತ ಮೂಡಲ ಬಾಗಿಲಿನಿಂದ ಆಚೆ ಬಂದ.

ಸೈರನ್ ಒತ್ತಿದೆ. ಮೂಕ. ಶೆಡ್ಡಿನ ಕಡೆಯಿಂದ ಆಗಲೇ ಕೂಗು ಎದ್ದಿತ್ತು.

"ಗ್ಯಾಸೂ! ಬನ್ರಮ್ಮೀ, ಎಲ್ಲಾ ಆಚ್ಗ್ ಬನ್ರೀ! ಪೈಜಾಮ ಇಳೀ ಬಿದ್ದದೆ, ಉಣ್ಸೆಮರುಕ್ಕೆ ನಡೀರೀ!"

ಕಲಿಸಿದ್ದನ್ನು ಅಕ್ಷರಶಃ ಮಾಡಿದಳು. ಮೊದಲು ತಲೆಯೆತ್ತಿ ನೋಡಿದ್ದಳು.

ಮಾದಪ್ಪ ಮಾಸ್ಕು ತೆಗೆದು, ಅದರ ಮೂರೆಳೆ ವಿಭೂತಿಯನ್ನು ಟವಲಿನಿಂದ ಒರೆಸಿ, ಸಿಲಿಂಡರು ಬೆನ್ನಿಗೇರಿಸಿಕೊಂಡ. ಇಬ್ಬರಲ್ಲಿ ಒಬ್ಬ ಒಳಗೆ ಹೋದರೆ ಇನ್ನೊಬ್ಬ ಬಾಗಿಲು ಬಿಟ್ಟು ಕದಲಬಾರದು; ಒಳಗಿನವನು ಬಿದ್ದರೆ ಎಳೆಯಲು ಒಬ್ಬ ಬೇಕು. ನಾನು ಟ್ಯಾಂಕಿನ ನೀರಿನ ಪೈಪು ಹಿಡಿದು ಬಾಗಿಲಿಗೆ ಅಡ್ಡಲಾಗಿ ನೀರಿನ ಪರದೆ ಹಿಡಿದೆ. ನೀರು ಈ ಗ್ಯಾಸನ್ನು ಕುಡಿಯುತ್ತದೆ. ಆದರೆ ನೆಲಕ್ಕೆ ಚೆಲ್ಲಿದ ದ್ರವದ ಮೇಲೆ ಬಿದ್ದರೆ ಅದು ಕೆರಳುತ್ತದೆ, ಆದ್ದರಿಂದ ಪೈಪನ್ನು ಎತ್ತಿಯೇ ಹಿಡಿಯಬೇಕು. ಎತ್ತಿ ಹಿಡಿದೆ. ಆಗ ಕಂಡೆ. ಹನಿಗಳು ನನ್ನ ಕಡೆಗೆ ಬರುತ್ತಿಲ್ಲ, ಎಲ್ಲವೂ ಪಡುವಣಕ್ಕೆ ವಾಲಿ ಹೋಗುತ್ತಿವೆ. ಮುಂಗಾರು ಮುಗಿದಿತ್ತು. ಗಾಳಿ ತಿರುಗಿತ್ತು. ಮೆಲ್ಲನೆ, ಮೈಗೂ ತಿಳಿಯದಷ್ಟು ಮೆಲ್ಲನೆ ಮೂಡಗಾಳಿ ಬೀಸುತ್ತಿತ್ತು, ನೇರ ಹುಣಸೆಮರಕ್ಕೆ.

"ಮರ ಬಿಡಿ! ಗೇಟಿಗೆ ಬನ್ನಿ!" ಎಂದು ಕೂಗಿದೆ. ಮತ್ತೆ ಮತ್ತೆ ಕೂಗಿದೆ. ಜೀವಮಾನವೆಲ್ಲ ಕ್ಲಾಸಿನ ಕೊನೆಯ ಬೆಂಚಿಗೂ ಕೇಳಿಸದ ದನಿ ನನ್ನದು. ಆ ಅಂಗಳವನ್ನು ದಾಟಬಲ್ಲ ದನಿ ಒಂದೇ ಇತ್ತು. ಅದು ಮರದ ಬುಡದಲ್ಲಿ ನಿಂತು ಎಲ್ಲರನ್ನೂ ಅಲ್ಲಿಗೇ ಕರೆಯುತ್ತಿತ್ತು. ಬಾಗಿಲು ಬಿಟ್ಟು ಹೋಗುವಂತಿರಲಿಲ್ಲ. ಒಳಗೆ ಅವಳ ಗಂಡನಿದ್ದ.

ಮೋಡ ಮರ ಮುಟ್ಟಿದಾಗ ಹೆಂಗಸರು ಡ್ರಮ್ಮಿನಲ್ಲಿ ಸೆರಗು ಅದ್ದಿ ಬಾಯಿಗೆ ಕಟ್ಟಿಕೊಂಡು, ಕಣ್ಣಿಗೆ ನೀರು ಎರಚಿಕೊಂಡು ಪಕ್ಕದ ಹೊಲಕ್ಕೆ ನುಗ್ಗಿದರು. ಚಿಕ್ಕತಾಯಮ್ಮ ಹೋಗಲಿಲ್ಲ. ಕೋಸು ಜೋಡಿಸಲು ಒಳಕೋಣೆಗೆ ಹೋಗಿದ್ದ ಇಬ್ಬರು ಇನ್ನೂ ಬಂದಿರಲಿಲ್ಲ. ಒಳಗೆ ಕಗ್ಗತ್ತಲು. ಅವಳ ದನಿ ನಿಂತರೆ ಅವರಿಗೆ ಬಾಗಿಲು ಸಿಗದು. ಬಾಯಿಗೆ ಸೆರಗು ಕಟ್ಟಿಕೊಂಡರೆ ಕೂಗಲಾಗದು.

"ಇತ್ತಾಗ್ ಬನ್ರಮ್ಮೀ! ನನ್ ದನಿ ಕಡೀಕೆ ಬನ್ರೀ! ಇತ್ತಾಗೆ!"

ಬಿಳಿಯ ಮೋಡದೊಳಗಿನಿಂದ ಆ ಕೂಗು ಬರುತ್ತಲೇ ಇತ್ತು. ಬರುಬರುತ್ತ ಹರಿದ ಬಟ್ಟೆಯಂತಾಯಿತು. ಆ ಇಬ್ಬರು ಗೋಡೆ ತಡವುತ್ತ ಹೊರಬಿದ್ದು ಹೊಲದ ಕಡೆ ಓಡಿದ್ದು ನನಗೆ ಮಸುಕಾಗಿ ಕಂಡಿತು. "ಬನ್ರ..." ಎಂಬಲ್ಲಿಗೆ ದನಿ ನಿಂತಿತು.

ಅಷ್ಟರಲ್ಲಿ ಬುಸ್ ಸದ್ದೂ ನಿಂತಿತು. ಮಾದಪ್ಪ ವಾಲ್ವು ತಿರುಗಿಸಿ, ಒಂದು ಗೀರೂ ಇಲ್ಲದೆ ಹೊರಬಂದು ಮಾಸ್ಕು ತೆಗೆದ. ವಿಷದ ಬಾಯಿಗೇ ಹೋದವನು ನೆಟ್ಟಗಿದ್ದ. ಮುಖವೆಲ್ಲ ಬೆವರು, ಗೆದ್ದವನ ನಗೆ.

"ಆಯ್ತು ಮೇಷ್ಟ್ರೇ, ಕಟ್ಬುಟ್ಟೆ! ಅವ್ಳು ಎಲ್ಲಿ? ಕೂಗ್ತಾನೇ ಇಲ್ವಲ್ಲ?"

ಹೊಲದಲ್ಲಿದ್ದ ಹೆಂಗಸರು ಒಂದು ವಾರದೊಳಗೆ ಕೆಲಸಕ್ಕೆ ಬಂದರು. ನೀರಿನ ಪಾಠ ಕಲಿತಿದ್ದರಿಂದ ಯಾರ ಕಣ್ಣೂ ಹೋಗಲಿಲ್ಲ. ಚಿಕ್ಕತಾಯಮ್ಮನನ್ನು ಮೈಸೂರಿಗೆ ಒಯ್ದರು. ಗಂಟಲಿಗೆ ತೂತು ಮಾಡಿ ಉಸಿರು ಕೊಟ್ಟರು. ಉಸಿರು ಉಳಿಯಿತು. ದನಿಯ ವಿಷಯ ಆರು ತಿಂಗಳು ಬಿಟ್ಟು ಹೇಳುತ್ತೇವೆ ಎಂದರು ಡಾಕ್ಟರು.

ವಿಚಾರಣೆಗೆ ಅಧಿಕಾರಿಗಳು ಬಂದರು. "ಗಾಳಿಚೀಲ ಇತ್ತೇನ್ರಿ?" ಎಂದು ಕೇಳಿದರು. "ಇತ್ತು ಸಾರ್, ಸಕಲ ಮರ್ಯಾದೆಯೊಡನೆ ಇತ್ತು," ಎಂದೆ. ಅವರು ಮೇಲೆ ನೋಡಿದರು. ಬಾಡಿದ ಹಾರ ಇನ್ನೂ ಅಲ್ಲೇ ಇತ್ತು. ಮಂಗಳಾರತಿಯಾಗಿ ಎಷ್ಟೋ ದಿನ ಕಳೆದಿದ್ದರೂ ಕಾಯಿ ಒಡೆದು ತೆಗೆಸುವವಳು ಆಸ್ಪತ್ರೆಯಲ್ಲಿದ್ದಳು. ಯಜಮಾನರು ಆಸ್ಪತ್ರೆಯ ಖರ್ಚು ಕೊಟ್ಟರು, ಸೈರನ್ನಿಗೆ ಬ್ಯಾಟರಿ ಹಾಕಿಸಿದರು. ಮುಂದಿನ ಯುಗಾದಿಗೆ ನಾನು ಜಗಲಿಗೆ ಮರಳಿದೆ.

ಹೋದ ವಾರ ಉಳಿದ ಅರ್ಧ ಗಡ್ಡ ಹೆರೆಸಿಕೊಂಡ ಮೇಲೆ ಮನೆಗೆ ಹೋಗಲು ಮನಸ್ಸಾಗದೆ ಹರವೆ ಬಸ್ಸು ಹತ್ತಿದೆ. ಮಾದಪ್ಪ ಕೆಲಸ ಬಿಟ್ಟು ಊರಲ್ಲೇ ಇದ್ದಾನೆ. ಜಗಲಿಯಲ್ಲಿ ಹೆಂಡತಿಗೆ ಎದುರಾಗಿ ಕೂತು ಅವರೆಕಾಯಿ ಸುಲಿಯುತ್ತಿದ್ದ. ಪಕ್ಕಕ್ಕೆ ಕೂತರೆ ಅವಳ ಕೈ ಬಾಯಿ ಕಾಣುವುದಿಲ್ಲವಂತೆ. ಅವನನ್ನು ಕರೆಯಬೇಕಾದರೆ ಅವಳು ಅವರೆಕಾಯಿ ಎಸೆಯುತ್ತಾಳೆ.

ನನ್ನನ್ನು ಕಂಡು ಅವಳ ಮುಖ ಅರಳಿತು. ಬಾಗಿ, ಒಣಗಿದ ಎಲೆ ನೆಲಕ್ಕೆ ತಾಗಿದಂಥ ಉಸಿರಿನಲ್ಲಿ ಏನೋ ಹೇಳಿದಳು. ಕಿವಿ ಕೊಟ್ಟೆ. "ಪೈಜಾಮ ಎಂಗದೆ ಮೇಷ್ಟ್ರೇ?"

"ಏನಂದ್ಲು?" ಎಂದು ಮಾದಪ್ಪ ಕೂಗಿದ.

ನಾನು ಅವನ ಕಿವಿಗೆ ಬಾಯಿಟ್ಟು ಕಿರುಚಿದೆ. ಅವನು ನಕ್ಕ. ಅವಳು ಮತ್ತೆ ನನ್ನ ತೋಳು ಜಗ್ಗಿದಳು. "ಈ ಕಂಪ್ರೆಸರ್‌ಗೆ ಏಳಿ, ಮೊನ್ನೆಯಿಂದ ಏಳ್ತಾ ಇವ್ನಿ, ಬಚ್ಚಲ್ ಮನೆ ಎಂಚು ಸೋರ್ತದೆ ಅಂತ."

ಅದನ್ನೂ ಕಿರುಚಿದೆ. "ಎಂಚಾ? ನಾನು ಸೊಸೈಟಿ ಅಕ್ಕಿ ಅಂದ್ಕಂಡಿದ್ದೆ," ಎಂದ ಮಾದಪ್ಪ, ಎರಡು ದಿನ ಸುಮ್ಮನೆ ಅಕ್ಕಿ ಹುಡುಕಿಕೊಂಡು ತಿರುಗಿದವನು. ಸಂಜೆಯ ಬಸ್ಸಿನವರೆಗೆ ಆ ಸಂಸಾರದ ಬಾಕಿ ಮಾತುಗಳನ್ನೆಲ್ಲ ಅತ್ತಿಂದಿತ್ತ ಸಾಗಿಸಿದೆ.

ಡಾಕ್ಟರು ಹೇಳಿದ ಆರು ತಿಂಗಳು ಮುಗಿದು ವರ್ಷಗಳಾದವು. ಚಿಕ್ಕತಾಯಮ್ಮನಿಗೆ ದನಿ ಬರಲಿಲ್ಲ. ಅವಳ ಪಿಸುಮಾತು ಮಾದಪ್ಪನಿಗೆ ಕೇಳಿಸುವುದಿಲ್ಲ.